ಆರು ರಾತ್ರಿಯ ಶ್ರೀಲಂಕಾ: ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ನಾವು ದಾವಣಗೆರೆಯವರು. ಮಗಳ ಏಳನೇ ತರಗತಿಯ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್ 11ರಿಂದ 17ರವರೆಗೆ ಶ್ರೀಲಂಕಾಕ್ಕೆ ಹೋಗಬೇಕೆಂದಿದ್ದೇವೆ. ನಾನು, ನನ್ನ ಪತ್ನಿ, ಮಗಳು ಮತ್ತು ಅರವತ್ತೆಂಟು ವರ್ಷದ ನನ್ನ ತಾಯಿ ಹೊರಡುವವರು. ತಾಯಿಗೆ ಮೊಣಕಾಲು ನೋವಿದೆ. ಸಮತಟ್ಟಾದ ನೆಲದಲ್ಲಿ ನಡೆಯುತ್ತಾರೆ, ಹೆಚ್ಚು ಮೆಟ್ಟಿಲು ಹತ್ತಲಾರರು. ಪ್ರವಾಸ ಏರ್ಪಡಿಸುವವರು ಕೊಟ್ಟ ಪಟ್ಟಿಯಲ್ಲಿ ಆನೆ ಅನಾಥಾಲಯ, ಸಾಂಬಾರ ಪದಾರ್ಥಗಳ ತೋಟ, ಸಿಗಿರಿಯ, ದಂಬುಲ್ಲ, ಕ್ಯಾಂಡಿಯ ನೃತ್ಯ ಪ್ರದರ್ಶನ, ರತ್ನದ ಅಂಗಡಿ, ನುವಾರಾ ಎಲಿಯ, ‘ಎಲ್ಲ’ (Ella) ಎಂಬ ಬೆಟ್ಟದ ಪಟ್ಟಣ, ಯಾಲ ಸಫಾರಿ, ತಿಮಿಂಗಿಲ ನೋಡುವ ದೋಣಿ, ಆಮೆ ಮರಿ ಕೇಂದ್ರ, ಗಾಲ್ ಕೋಟೆ, ಕೊಲಂಬೊ ನಗರ ಸುತ್ತಾಟ ಹೀಗೆ ಹದಿನೇಳು ಸ್ಥಳಗಳಿವೆ. ನಮಗೆ ಮುಖ್ಯವಾಗಿ ಬೇಕಿರುವುದು ಒಳ್ಳೆಯ ನಿಸರ್ಗ ಮತ್ತು ಎರಡು ಮೂರು ಐತಿಹಾಸಿಕ ಸ್ಥಳಗಳು. ಇವುಗಳಲ್ಲಿ ಹೇಗೆ ಆರಿಸಿಕೊಳ್ಳಬೇಕು?

ಉತ್ತರ: ನಿಮ್ಮ ಪಟ್ಟಿಯಲ್ಲಿ ಸ್ಥಳಗಳ ಹೆಸರಿದೆ, ಆದರೆ ಯಾವ ಸ್ಥಳವನ್ನು ದಿನದ ಯಾವ ಹೊತ್ತಿನಲ್ಲಿ ನೋಡುತ್ತೀರಿ ಎಂಬುದು ಇಲ್ಲ. ನಿಸರ್ಗದ ನೋಟಕ್ಕಾಗಿ ಹೊರಡುವವರಿಗೆ ಇದೇ ಮೊದಲು ಗೊತ್ತಾಗಬೇಕಾದ ವಿಷಯ. ಭೂಮಧ್ಯರೇಖೆಗೆ ಹತ್ತಿರವಿರುವ ಆ ದ್ವೀಪದಲ್ಲಿ ವರ್ಷವಿಡೀ ಬೆಳಿಗ್ಗೆ ಸುಮಾರು ಆರಕ್ಕೆ ಬೆಳಕಾಗುತ್ತದೆ, ಸಂಜೆ ಆರೂವರೆಯ ಹೊತ್ತಿಗೆ ಕತ್ತಲಾಗುತ್ತದೆ. ಬೆಟ್ಟಕ್ಕೂ ಬಂಡೆಗೂ ಕೆರೆಗೂ ಬಣ್ಣ ಬರುವುದು ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮತ್ತು ಸಂಜೆ ನಾಲ್ಕರ ನಂತರ. ಆ ಎರಡು ಹೊತ್ತಿನಲ್ಲಿ ನೀವು ಎಲ್ಲಿರುತ್ತೀರಿ ಎನ್ನುವುದನ್ನು ನಿರ್ಧರಿಸುವುದು ನೋಡಬೇಕಾದ ಸ್ಥಳಗಳ ಪಟ್ಟಿಯಲ್ಲ, ರಾತ್ರಿ ತಂಗುವ ಊರು. ಆದ್ದರಿಂದ ಹದಿನೇಳು ಹೆಸರುಗಳನ್ನು ಪಕ್ಕಕ್ಕಿಟ್ಟು, ಆರು ರಾತ್ರಿಗಳನ್ನು ಎಲ್ಲೆಲ್ಲಿ ಕಳೆಯಬೇಕು ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಆಗ ಉಳಿಯುವುದು ಯಾವುದು, ಬೀಳುವುದು ಯಾವುದು ಎಂಬುದು ಹೆಚ್ಚುಕಡಿಮೆ ತಾನಾಗಿಯೇ ತಿಳಿಯುತ್ತದೆ.

ಅದಕ್ಕೂ ಮುಂಚೆ ದಿನಾಂಕದ ಮಾತು. ತುಳುನಾಡಿನಲ್ಲಿ ಬಿಸು ಎಂದು ಆಚರಿಸುವ ಸೌರಮಾನ ಯುಗಾದಿಯೇ ಅಲ್ಲಿ ಸಿಂಹಳೀಯರಿಗೂ ತಮಿಳರಿಗೂ ಹೊಸ ವರ್ಷ; ಅದು ಏಪ್ರಿಲ್ 13 ಮತ್ತು 14ರ ಸುಮಾರಿಗೆ ಬರುತ್ತದೆ. ಆ ದಿನಗಳಲ್ಲಿ ಅಂಗಡಿ, ಹೋಟೆಲು, ಸಣ್ಣ ಊಟದ ಮನೆಗಳು ಬಹುಮಟ್ಟಿಗೆ ಮುಚ್ಚಿರುತ್ತವೆ, ವಾಹನ ಚಾಲಕರು ತಮ್ಮ ಮನೆಗೆ ಹೋಗಲು ಬಯಸುತ್ತಾರೆ, ಕೊಲಂಬೊದ ಜನ ಸೆಕೆ ತಪ್ಪಿಸಿಕೊಳ್ಳಲು ಕುಟುಂಬಸಮೇತ ನುವಾರಾ ಎಲಿಯಕ್ಕೆ ಏರುತ್ತಾರೆ. ಆ ವಾರ ಬೆಟ್ಟದ ರಸ್ತೆಗಳಲ್ಲಿ ವಾಹನಗಳ ಸಾಲು ನಿಂತಿರುತ್ತದೆ, ಕೋಣೆಗಳ ಬಾಡಿಗೆ ಏರಿರುತ್ತದೆ. ಹಬ್ಬವನ್ನೇ ನೋಡಬೇಕೆಂದು ಹೋಗುವವರಿಗೆ ಇದು ಒಳ್ಳೆಯ ಕಾಲ; ನಿಸರ್ಗಕ್ಕಾಗಿ ಹೋಗುವ ನಿಮಗೆ ಅಲ್ಲ. ಸಾಧ್ಯವಿದ್ದರೆ ಪ್ರಯಾಣವನ್ನು ಹತ್ತು ದಿನದಷ್ಟು ಮುಂದೂಡಿ, ಏಪ್ರಿಲ್ 20ರ ನಂತರ ಹೊರಡಿ. ಬೇಸಿಗೆ ರಜೆ ಹೇಗೂ ಮೇ ಕೊನೆಯವರೆಗೆ ಇರುತ್ತದೆ.

ಮಳೆಯ ಲೆಕ್ಕವೂ ಇದಕ್ಕೆ ಹೊಂದುತ್ತದೆ. ನಮ್ಮಲ್ಲಿ ಮುಂಗಾರು ಹಿಂಗಾರು ಇರುವಂತೆ ಅಲ್ಲಿಯೂ ಎರಡು ಮಳೆಗಾಲಗಳಿವೆ, ಆದರೆ ಅವು ದ್ವೀಪವನ್ನು ಹಂಚಿಕೊಂಡಿವೆ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮಾರುತ ಪಶ್ಚಿಮ ಮತ್ತು ದಕ್ಷಿಣದ ಕರಾವಳಿಗೂ ಬೆಟ್ಟಗಳ ಪಶ್ಚಿಮದ ಮಗ್ಗುಲಿಗೂ ಮಳೆ ಸುರಿಸುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಈಶಾನ್ಯ ಮಾರುತ ಪೂರ್ವ ಮತ್ತು ಉತ್ತರದ ಭಾಗಗಳಿಗೆ ಮಳೆ ತರುತ್ತದೆ. ಏಪ್ರಿಲ್ ಇವೆರಡರ ನಡುವಿನ ತಿಂಗಳು. ಬೆಳಗು ಸಾಮಾನ್ಯವಾಗಿ ತಿಳಿಯಾಗಿರುತ್ತದೆ, ಮಧ್ಯಾಹ್ನ ಮೋಡ ಕಟ್ಟುತ್ತದೆ, ಮೂರು ನಾಲ್ಕು ಗಂಟೆಗೆ ಗುಡುಗು ಸಹಿತ ಒಂದು ಮಳೆ ಬಿದ್ದು ಹೋಗುತ್ತದೆ. ಹಾಗಾಗಿ ಏಪ್ರಿಲ್‌ನಲ್ಲಿ ದೂರದ ನೋಟ ಬೇಕಿರುವುದನ್ನೆಲ್ಲ ಹತ್ತು ಗಂಟೆಯೊಳಗೆ ಮುಗಿಸಬೇಕು, ಪ್ರಯಾಣ ಮತ್ತು ವಿಶ್ರಾಂತಿಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಕು. ಪ್ರವಾಸ ಸಂಸ್ಥೆಗಳ ಕಾರ್ಯಕ್ರಮ ಬಹುತೇಕ ಇದಕ್ಕೆ ತದ್ವಿರುದ್ಧವಾಗಿರುತ್ತದೆ: ಬೆಳಿಗ್ಗೆ ಒಂಬತ್ತಕ್ಕೆ ತಿಂಡಿ ಮುಗಿಸಿ ಹೊರಟು, ಊರು ತಲುಪಿ, ಸುಡು ಬಿಸಿಲಿನಲ್ಲಿ ಬಂಡೆ ಹತ್ತಿಸುವುದು ಅಥವಾ ಮೋಡ ಮುಚ್ಚಿದ ಮೇಲೆ ಕಣಿವೆಯ ಅಂಚಿಗೆ ಕರೆದೊಯ್ಯುವುದು.

ಈಗ ಬಿಡಬೇಕಾದವುಗಳನ್ನು ನೋಡೋಣ. ಒಂದು ವಾರದ ವಿದೇಶ ಪ್ರವಾಸದಲ್ಲಿ, ನಿಮ್ಮ ಊರಿನಿಂದ ಒಂದು ರಾತ್ರಿಯ ಪ್ರಯಾಣದಲ್ಲಿ ಸಿಗುವುದನ್ನು ನೋಡಲು ಅರ್ಧ ದಿನ ಕೊಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಯುರೋಪಿನ ಪ್ರವಾಸಿಗೆ ಶ್ರೀಲಂಕಾದ ಕಾಡಾನೆಗಳ ಹಿಂಡು ಜೀವಮಾನದ ದೃಶ್ಯ. ನಿಮಗೆ, ಅದೇ ಏಪ್ರಿಲ್ ಮೇ ತಿಂಗಳುಗಳಲ್ಲಿ, ಕಬಿನಿಯ ಹಿನ್ನೀರು ಇಳಿದು ಹೊಸ ಹುಲ್ಲು ಬಂದಾಗ ನಾಗರಹೊಳೆ ಬಂಡೀಪುರಗಳ ಆನೆಗಳು ಅಲ್ಲಿಗೆ ಹಿಂಡುಹಿಂಡಾಗಿ ಇಳಿಯುತ್ತವೆ. ಯಾಲದ ಚಿರತೆ ಪ್ರಸಿದ್ಧವೇ, ಆದರೆ ಅದಕ್ಕಾಗಿ ನಸುಕಿನ ನಾಲ್ಕೂವರೆಗೆ ಎದ್ದು, ನೂರಾರು ಜೀಪುಗಳ ನಡುವೆ, ಕುಲುಕುವ ಗಾಡಿಯಲ್ಲಿ ನಾಲ್ಕೈದು ಗಂಟೆ ಕೂರಬೇಕು. ಮೊಣಕಾಲು ನೋವಿರುವ ನಿಮ್ಮ ತಾಯಿಯವರಿಗೆ ಅದು ಶಿಕ್ಷೆಯಾದೀತು. ಸಫಾರಿಯನ್ನು ಪೂರ್ತಿ ಬಿಡಿ. ಆನೆ ಅನಾಥಾಲಯವನ್ನೂ ಬಿಡಿ; ಸರಪಳಿ ತೊಡಿಸಿದ ಆನೆಗಳನ್ನು ಗುಂಪಾಗಿ ನದಿಗೆ ನಡೆಸುವುದನ್ನು ನೋಡುವುದರಲ್ಲಿ ದುಬಾರೆ ಸಕ್ರೆಬೈಲುಗಳನ್ನು ಕಂಡವರಿಗೆ ಹೊಸದೇನೂ ಇಲ್ಲ. ಸಾಂಬಾರ ಪದಾರ್ಥಗಳ ತೋಟದಲ್ಲಿ ತೋರಿಸುವುದು ಮೆಣಸು, ಏಲಕ್ಕಿ, ಜಾಯಿಕಾಯಿ. ಶಿರಸಿಯಲ್ಲೋ ಸಕಲೇಶಪುರದಲ್ಲೋ ಅದು ನಿಮಗೆ ಕಾಣಸಿಗುತ್ತದೆ. ದಾಲ್ಚಿನ್ನಿಯ ತೊಗಟೆ ಸುಲಿಯುವ ಕೆಲಸವೊಂದೇ ನಿಜವಾಗಿ ನೋಡತಕ್ಕದ್ದು, ಅದು ಗಾಲ್ ಸುತ್ತಲಿನ ಹಳ್ಳಿಗಳಲ್ಲಿ ದಾರಿಯಲ್ಲೇ ಸಿಗಬಹುದು. ರತ್ನದ ಅಂಗಡಿ, ಬಾಟಿಕ್ ಅಂಗಡಿ, ಗಿಡಮೂಲಿಕೆ ಅಂಗಡಿಗಳು ಪಟ್ಟಿಯಲ್ಲಿರುವುದು ಕಮಿಷನ್ನಿಗಾಗಿ. ಅವು ಬೇಡವೆಂದು ಬಾಯಲ್ಲಿ ಹೇಳಿದರೆ ಸಾಲದು, ಕಾರ್ಯಕ್ರಮದ ಪತ್ರದಲ್ಲೇ ಅಂಗಡಿ ಭೇಟಿಗಳಿಲ್ಲ ಎಂದು ಬರೆಸಿಕೊಳ್ಳಿ.

ತಿಮಿಂಗಿಲದ ವಿಚಾರ ಬೇರೆ. ಅದು ನಮ್ಮಲ್ಲಿ ಸುಲಭವಾಗಿ ಸಿಗದ ದೃಶ್ಯ. ಮಿರಿಸ್ಸದ ತೀರದಿಂದ ಹೊರಟ ದೋಣಿಗಳಿಗೆ ನೀಲಿ ತಿಮಿಂಗಿಲಗಳು ಕಾಣುವುದೂ ನಿಜ. ಆದರೆ ಅದರ ಕಾಲ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ನೀವು ಹೋಗುವ ಹೊತ್ತಿಗೆ ಆ ಕಡೆಯ ಕಡಲು ಒರಟಾಗತೊಡಗಿರುತ್ತದೆ, ನಾಲ್ಕೈದು ಗಂಟೆ ಅಲೆಗಳ ಮೇಲೆ ಇರಬೇಕಾಗುತ್ತದೆ. ಡಿಸೆಂಬರ್ ರಜೆಯ ಪ್ರವಾಸವಾಗಿದ್ದರೆ ನಾನು ಇದನ್ನು ಉಳಿಸಿಕೊಳ್ಳಿ ಎನ್ನುತ್ತಿದ್ದೆ. ಕೊಲಂಬೊ ನಗರ ಸುತ್ತಾಟವೂ ಬೇಡ. ವಿಮಾನ ನಿಲ್ದಾಣವಿರುವ ಕಟುನಾಯಕ ಕೊಲಂಬೊದಿಂದ ಮೂವತ್ತು ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕಿದೆ. ಅಲ್ಲಿಂದ ನೇರವಾಗಿ ಒಳನಾಡಿಗೆ ಹೋಗಬಹುದು.

ಇನ್ನು ರಾತ್ರಿಗಳ ಹಂಚಿಕೆ. ಇದಕ್ಕೆ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಮೋಡವನ್ನು ನಂಬಿಕೊಂಡಿರುವ ನೋಟಕ್ಕೆ ಎರಡು ಬೆಳಗುಗಳಿರಬೇಕು. ಕಲ್ಲು, ಕೋಟೆ, ದೇವಾಲಯಗಳಿಗೆ ಒಂದು ಸಾಕು. ಒಂದು ಬೆಳಗು ಮಂಜು ಮುಸುಕಿದರೆ ಇನ್ನೊಂದು ಕೈಯಲ್ಲಿರುತ್ತದೆ. ಈ ಲೆಕ್ಕದಲ್ಲಿ ನಿಮ್ಮ ಆರು ರಾತ್ರಿಗಳಲ್ಲಿ ಎರಡು ಸಿಗಿರಿಯದ ಬಳಿ, ಒಂದು ನುವಾರಾ ಎಲಿಯದಲ್ಲಿ, ಎರಡು ‘ಎಲ್ಲ’ ಪಟ್ಟಣದಲ್ಲಿ, ಕೊನೆಯದು ಗಾಲ್ ಕೋಟೆಯೊಳಗೆ. ಸಿಗಿರಿಯ ಬಂಡೆಯೇ ಅಲ್ಲವೇ, ಅದಕ್ಕೇಕೆ ಎರಡು ರಾತ್ರಿ ಎಂದು ನೀವು ಕೇಳಬಹುದು. ಮೊದಲ ದಿನ ವಿಮಾನ ಇಳಿದು ಮೂರೂವರೆ ನಾಲ್ಕು ಗಂಟೆ ರಸ್ತೆಯಲ್ಲಿ ಬಂದಿರುತ್ತೀರಿ. ಅಲ್ಲದೆ ಆ ಸೀಮೆಯಲ್ಲಿ ನೋಡತಕ್ಕದ್ದು ಒಂದೇ ಅಲ್ಲ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ. ಟಿಕೆಟ್ ತೆಗೆದುಕೊಳ್ಳುವಾಗ ಬೆಳಿಗ್ಗೆ ಅಥವಾ ಮಧ್ಯಾಹ್ನದೊಳಗೆ ಇಳಿಯುವ, ಮರಳುವಾಗ ಸಂಜೆ ಹೊರಡುವ ವಿಮಾನವನ್ನೇ ಹುಡುಕಿ. ಎರಡು ಮೂರು ಸಾವಿರ ಉಳಿಯಿತೆಂದು ರಾತ್ರಿ ಇಳಿಯುವ ವಿಮಾನ ಹಿಡಿದರೆ, ಇಡೀ ಪ್ರವಾಸದ ಆರನೇ ಒಂದು ಭಾಗ ಹೋಟೆಲಿನ ಕೋಣೆಯಲ್ಲಿ ಕಳೆದುಹೋಗುತ್ತದೆ.

ಸಿಗಿರಿಯವನ್ನು ನೀವು ಮೂವರು ಎರಡನೆಯ ದಿನ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಬೇಕು. ಐದನೇ ಶತಮಾನದ ಕೊನೆಯಲ್ಲಿ, ತಂದೆಯನ್ನು ಕೊಂದು ಪಟ್ಟವೇರಿದ ಕಾಶ್ಯಪನೆಂಬ ರಾಜ ಸುಮಾರು 180 ಮೀಟರ್ ಎತ್ತರದ ಈ ಒಂಟಿ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ. ಮೆಟ್ಟಿಲುಗಳು ಸುಮಾರು 1,200. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಹತ್ತಬಲ್ಲವರಿಗೆ ಇದು ಕಷ್ಟವಲ್ಲ. ಆದರೆ ಬಂಡೆಯ ಪಕ್ಕೆಗೆ ಅಂಟಿಸಿದ ಕಬ್ಬಿಣದ ಮೆಟ್ಟಿಲುಗಳಲ್ಲಿ ಕೆಳಗೆ ನೋಡಿದರೆ ತಲೆ ತಿರುಗುವವರು ಯೋಚಿಸಬೇಕು. ಅರ್ಧ ದಾರಿಯಲ್ಲಿ ಬಂಡೆಯ ಪೊಟರೆಯೊಳಗೆ ಪ್ರಸಿದ್ಧವಾದ ಸ್ತ್ರೀಯರ ಚಿತ್ರಗಳಿವೆ. ಅಲ್ಲಿ ಛಾಯಾಚಿತ್ರ ತೆಗೆಯುವಂತಿಲ್ಲ. ಅದರ ಕೆಳಗೆ ಗಾರೆ ಬಳಿದು ಕನ್ನಡಿಯಂತೆ ಉಜ್ಜಿ ನಯಗೊಳಿಸಿದ್ದ ಗೋಡೆ. ನಿಮ್ಮ ಮಗಳನ್ನು ಅಲ್ಲಿ ಐದು ನಿಮಿಷ ನಿಲ್ಲಿಸಿ, ಅದರ ಮೇಲಿರುವ ಸಣ್ಣ ಗೀರುಗಳನ್ನು ತೋರಿಸಿ. ಸಾವಿರ ವರ್ಷಕ್ಕೂ ಹಿಂದೆ ಬಂಡೆ ನೋಡಲು ಬಂದವರು, ಆ ಚಿತ್ರಗಳ ಸ್ತ್ರೀಯರನ್ನು ಕುರಿತು ಸಿಂಹಳದಲ್ಲಿ ಕೊರೆದಿಟ್ಟ ಪದ್ಯಗಳು ಅವು. ಪುರಾತತ್ವಜ್ಞ ಸೇನರತ್ ಪರಣವಿತಾನ ಅವುಗಳಲ್ಲಿ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಬಹುಪಾಲು ಪ್ರವಾಸಿಗಳು ಆ ಗೋಡೆಯನ್ನು ಹಾದುಹೋಗುವುದು ಮೇಲೆ ಕಟ್ಟಿರುವ ಸಿಂಹದ ದೊಡ್ಡ ಪಂಜಗಳನ್ನು ನೋಡುವ ಆತುರದಲ್ಲಿ. ಬಿಸಿಲು ಏರಿದ ಮೇಲೆ ನೆತ್ತಿಯಲ್ಲಿ ನೆರಳು ಹೆಚ್ಚಿಲ್ಲ, ಆದ್ದರಿಂದ ಒಂಬತ್ತರೊಳಗೆ ಇಳಿಯುವಂತಿರಲಿ. ಪ್ರವೇಶ ಶುಲ್ಕದಲ್ಲಿ ಭಾರತವೂ ಸೇರಿದ ಸಾರ್ಕ್ (ದಕ್ಷಿಣ ಏಷ್ಯಾ ಒಕ್ಕೂಟ) ದೇಶಗಳವರಿಗೆ ರಿಯಾಯಿತಿ ಇದೆ. ಎಲ್ಲರ ಪಾಸ್‌ಪೋರ್ಟ್ ಜೊತೆಯಲ್ಲಿಟ್ಟುಕೊಳ್ಳಿ.

ನಿಮ್ಮ ತಾಯಿಯವರು ಏನು ಮಾಡಬೇಕು ಎಂಬ ಪ್ರಶ್ನೆಗೆ ಬಹಳ ಜನ ಕೊಡುವ ಉತ್ತರ, ಕೋಣೆಯಲ್ಲಿ ವಿಶ್ರಾಂತಿ. ಅದು ಸರಿಯಲ್ಲ. ಸಿಗಿರಿಯದ ಬುಡದಲ್ಲಿರುವ ನೀರಿನ ಉದ್ಯಾನಗಳು, ಅಂದರೆ ಕಾಶ್ಯಪನ ಕಾಲದ ಕೊಳಗಳೂ ಕಾಲುವೆಗಳೂ, ಸಮತಟ್ಟಾದ ನೆಲದಲ್ಲಿವೆ. ನಿಧಾನವಾಗಿ ನಡೆದು, ನಡುವಿನ ದಾರಿಯಲ್ಲಿ ಕುಳಿತು, ಬೆಳಗಿನ ತಂಪಿನಲ್ಲಿ ಎದುರಿಗಿರುವ ಬಂಡೆಯನ್ನು ಅವರು ನೋಡಬಹುದು. ನಿಜ ಹೇಳಬೇಕೆಂದರೆ ಸಿಗಿರಿಯದ ಅತ್ಯುತ್ತಮ ನೋಟ ಅದರ ಮೇಲಿನಿಂದಲ್ಲ, ದೂರದಿಂದ. ಮೇಲೆ ನಿಂತಾಗ ಬಂಡೆಯೇ ಕಾಣುವುದಿಲ್ಲ. ಹಿಂದಿನ ಸಂಜೆ ನಾಲ್ವರೂ ಬಂಡೆಯ ಸಮೀಪದ ಕೆರೆಯ ಏರಿಗೆ ಹೋಗಿ ಕುಳಿತರೆ ನೀರಿನ ಆಚೆ ಅದು ಎದ್ದು ನಿಂತಿರುವುದು ಕಾಣುತ್ತದೆ. ಪಕ್ಕದ ಪಿದುರಂಗಲ ಬಂಡೆಯಿಂದ ಸಿಗಿರಿಯವನ್ನು ನೋಡುವುದೂ ಈಗ ಜನಪ್ರಿಯವಾಗಿದೆ, ಆದರೆ ಅಲ್ಲಿ ಕೊನೆಯಲ್ಲಿ ಬಂಡೆಗಳ ನಡುವೆ ಕೈಯೂರಿ ಹತ್ತಬೇಕು; ಎರಡನ್ನೂ ಮಾಡುವ ಅಗತ್ಯವಿಲ್ಲ.

ಅದೇ ದಿನ ಮಧ್ಯಾಹ್ನ ವಿಶ್ರಾಂತಿಯ ನಂತರ ಪೊಲೊನ್ನರುವಕ್ಕೆ ಹೋಗಿ. ನಿಮ್ಮ ಪಟ್ಟಿಯಲ್ಲಿ ಇದು ಇಲ್ಲದಿರುವುದು ನನಗೆ ಆಶ್ಚರ್ಯ ತಂದಿತು, ಏಕೆಂದರೆ ತಾಯಿಯವರಿಗೆ ಇದಕ್ಕಿಂತ ಒಪ್ಪುವ ಐತಿಹಾಸಿಕ ಸ್ಥಳ ಆ ದ್ವೀಪದಲ್ಲಿ ಇನ್ನೊಂದಿಲ್ಲ. ಅವಶೇಷಗಳು ಮರಗಳ ನೆರಳಿನ ಬಯಲಿನಲ್ಲಿ ಹರಡಿವೆ, ಒಂದರಿಂದ ಇನ್ನೊಂದಕ್ಕೆ ವಾಹನದಲ್ಲಿ ಹೋಗಬಹುದು. ಹತ್ತನೇ ಶತಮಾನದ ಕೊನೆಯಲ್ಲಿ ಚೋಳರು ಅನುರಾಧಪುರವನ್ನು ಗೆದ್ದು ಇಲ್ಲಿಗೆ ರಾಜಧಾನಿಯನ್ನು ತಂದರು. ಅವರ ಕಾಲದ ಶಿವಾಲಯ ಇನ್ನೂ ನಿಂತಿದೆ. ಹನ್ನೆರಡನೇ ಶತಮಾನದಲ್ಲಿ ಮೊದಲನೆಯ ಪರಾಕ್ರಮಬಾಹುವಿನ ಆಳ್ವಿಕೆಯಲ್ಲಿ ಒಂದೇ ಬಂಡೆಯ ಮುಖದಲ್ಲಿ ಕಡೆದ ನಾಲ್ಕು ಬುದ್ಧ ವಿಗ್ರಹಗಳ ಗಲ್ ವಿಹಾರವೇ ಇಲ್ಲಿನ ಮುಖ್ಯ ದೃಶ್ಯ. ಮಲಗಿರುವ ಬುದ್ಧ ಸುಮಾರು 14 ಮೀಟರ್ ಉದ್ದವಿದ್ದಾನೆ. ಅವನ ತಲೆಯ ಕೆಳಗಿನ ದಿಂಬನ್ನು ಹತ್ತಿರದಿಂದ ನೋಡಿ: ತಲೆಯ ಭಾರಕ್ಕೆ ದಿಂಬು ತುಸು ತಗ್ಗಿರುವಂತೆ ಶಿಲ್ಪಿ ಕಲ್ಲಿನಲ್ಲಿ ತೋರಿಸಿದ್ದಾನೆ. ಕಲ್ಲಿನ ಪದರುಗಳ ಅಲೆಯಲೆಯ ಗೆರೆಗಳು ಮುಖದ ಮೇಲೆಯೇ ಹಾಯ್ದಿರುವುದು ಸಂಜೆಯ ಓರೆ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ವಿಗ್ರಹಗಳಿಗೆ ಬೆನ್ನು ಮಾಡಿ ನಿಂತು ಫೋಟೊ ತೆಗೆಸಿಕೊಳ್ಳುವುದನ್ನು ಅಲ್ಲಿನವರು ಅವಮಾನವೆಂದು ಭಾವಿಸುತ್ತಾರೆ. ಇದನ್ನು ಮಗಳಿಗೆ ಮೊದಲೇ ಹೇಳಿರಿ.

ಮೂರನೆಯ ದಿನ ಬೆಳಿಗ್ಗೆ ಬೆಟ್ಟದ ಕಡೆ ಹೊರಡುವಾಗ ದಂಬುಲ್ಲದ ಗುಹಾ ದೇವಾಲಯ ದಾರಿಯಲ್ಲೇ ಇದೆ. ಬಾದಾಮಿ ನೋಡಿದ್ದೇವೆ, ಮತ್ತೆ ಗುಹೆಗಳೇಕೆ ಎನ್ನುವವರಿಗೆ ಒಂದು ಮಾತು: ಬಾದಾಮಿಯಲ್ಲಿ ಶಿಲ್ಪ ಉಳಿದಿದೆ, ಬಣ್ಣ ಬಹುತೇಕ ಅಳಿಸಿಹೋಗಿದೆ. ದಂಬುಲ್ಲದ ಐದು ಗುಹೆಗಳಲ್ಲಿ ಸುಮಾರು 2,100 ಚದರ ಮೀಟರ್‌ನಷ್ಟು ಗೋಡೆ ಮತ್ತು ಚಾವಣಿ ಇಂದಿಗೂ ಕೆಂಪು ಹಳದಿ ಬಣ್ಣದ ಚಿತ್ರಗಳಿಂದ ತುಂಬಿದೆ. ಬಂಡೆಯ ಉಬ್ಬು ತಗ್ಗನ್ನು ಸಮ ಮಾಡದೆ ಅದರ ಮೇಲೆಯೇ ಚಿತ್ರ ಬರೆದಿರುವುದರಿಂದ ಚಾವಣಿ ಬಟ್ಟೆಯ ಮೇಲ್ಕಟ್ಟಿನಂತೆ ಕಾಣುತ್ತದೆ. ಮೆಟ್ಟಿಲುಗಳು ಮುನ್ನೂರಕ್ಕೂ ಹೆಚ್ಚು. ತಾಯಿಯವರಿಗೆ ಅಂದು ಹೇಗನಿಸುತ್ತದೆ ಎಂಬುದನ್ನು ನೋಡಿ ತೀರ್ಮಾನಿಸಿ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಇದರ ಎರಡರಷ್ಟು ಮೆಟ್ಟಿಲುಗಳಿವೆ ಎಂದರೆ ಅಂದಾಜು ಸಿಕ್ಕೀತು. ಚಪ್ಪಲಿ ಹೊರಗೆ ಬಿಡಬೇಕಾದ್ದರಿಂದ, ಹತ್ತು ಗಂಟೆಯ ನಂತರ ಕಾಯುವ ಕಲ್ಲಿನ ಮೇಲೆ ನಡೆಯಲು ಕಾಲುಚೀಲ ಜೊತೆಯಲ್ಲಿರಲಿ.

ಕ್ಯಾಂಡಿಯಲ್ಲಿ ರಾತ್ರಿ ತಂಗುವುದು ಬೇಡ ಎಂದು ನಾನು ಹೇಳುವುದನ್ನು ಅನೇಕರು ಒಪ್ಪುವುದಿಲ್ಲ. ಬುದ್ಧನ ದಂತವಿರುವ ಮಂದಿರ ಬೌದ್ಧರಿಗೆ ಪರಮ ಪವಿತ್ರ. ಭಕ್ತಿಯಿಂದ ನೋಡಲು ಇಷ್ಟಪಟ್ಟರೆ ಒಂದು ಗಂಟೆ ನಿಲ್ಲಿಸಿ. ದಂತ ಕಣ್ಣಿಗೆ ಬೀಳುವುದಿಲ್ಲ, ಅದನ್ನಿಟ್ಟಿರುವ ಕರಂಡಕ ಪೂಜೆಯ ಹೊತ್ತಿನಲ್ಲಿ ಮಾತ್ರ ದೂರದಿಂದ ಕಾಣುತ್ತದೆ. ಆದರೆ ನಿಮಗೆ ಬೇಕಿರುವುದು ನಿಸರ್ಗ, ಮತ್ತು ಕ್ಯಾಂಡಿ ಈಗ ಕಣಿವೆಯಲ್ಲಿ ಇಕ್ಕಟ್ಟಾಗಿರುವ, ವಾಹನ ದಟ್ಟಣೆಯ ನಗರ. ಊಟದ ಹೊತ್ತಿಗೆ ಪಕ್ಕದ ಪೆರಾದೆನಿಯ ಸಸ್ಯೋದ್ಯಾನದಲ್ಲಿ ಒಂದೂವರೆ ಗಂಟೆ ಕಳೆದು ಮುಂದೆ ಹೊರಟರೆ ಸಂಜೆಯೊಳಗೆ ನುವಾರಾ ಎಲಿಯ ಸೇರುತ್ತೀರಿ. ದೂರ ಎಂಬತ್ತು ಕಿಲೋಮೀಟರೂ ಇಲ್ಲ, ಆದರೂ ಎರಡೂವರೆ ಮೂರು ಗಂಟೆ ಬೇಕು. ಬೆಟ್ಟದ ರಸ್ತೆಗಳಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ಲೆಕ್ಕ ಹಿಡಿಯಿರಿ.

ಚಹಾ ತೋಟಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಕೊಡಗು ಚಿಕ್ಕಮಗಳೂರು ಕಂಡವರಿಗೆ ಇವು ಏನು ಕೊಡುತ್ತವೆ ಎಂದು ಹೇಳಬೇಕು. ನಮ್ಮ ಕಾಫಿ ತೋಟ ಮರಗಳ ನೆರಳಿನೊಳಗೆ ಇರುತ್ತದೆ. ಅದರೊಳಗೆ ನಡೆದರೆ ಚೆಂದ, ಹೊರಗಿನಿಂದ ನೋಡಿದರೆ ಅದೂ ಕಾಡಿನಂತೆಯೇ. ಚಹಾ ತೋಟದಲ್ಲಿ ಮರಗಳು ವಿರಳ, ಗಿಡಗಳನ್ನು ಸೊಂಟದೆತ್ತರಕ್ಕೆ ಕತ್ತರಿಸಿರುತ್ತಾರೆ, ಹಾಗಾಗಿ ಬೆಟ್ಟದ ಪ್ರತಿಯೊಂದು ಮಡಿಕೆಯೂ ಕಣ್ಣಿಗೆ ಕಾಣುತ್ತದೆ. ಈ ಬೆಟ್ಟಗಳೂ ಒಂದು ಕಾಲಕ್ಕೆ ಕಾಫಿ ತೋಟಗಳಾಗಿದ್ದವು. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ, ನಮ್ಮ ಬೆಳೆಗಾರರಿಗೆ ಚೆನ್ನಾಗಿ ಪರಿಚಯವಿರುವ ಅದೇ ರೋಗ, ಮುಂದಿನ ವರ್ಷಗಳಲ್ಲಿ ಕಾಫಿಯನ್ನು ನಾಶ ಮಾಡಿತು. ಅದಕ್ಕೆ ಎರಡು ವರ್ಷ ಮೊದಲು ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು ಕ್ಯಾಂಡಿಯ ಬಳಿ ನೆಟ್ಟಿದ್ದ ಚಹಾ ಆ ಜಾಗವನ್ನು ತುಂಬಿತು. ತೋಟಗಳ ದುಡಿಮೆಗೆಂದು ಬ್ರಿಟಿಷರು ದಕ್ಷಿಣ ಭಾರತದಿಂದ ಕರೆದೊಯ್ದ ತಮಿಳರ ವಂಶದವರೇ ಇಂದಿಗೂ ಅಲ್ಲಿ ಎಲೆ ಕೀಳುವವರು. ಅವರ ಸಾಲುಮನೆಗಳನ್ನು ದಾರಿಯುದ್ದಕ್ಕೂ ಕಾಣುತ್ತೀರಿ.

ನಾಲ್ಕನೆಯ ದಿನದ ಬೆಳಿಗ್ಗೆ ತಾಯಿಯವರಿಗಾಗಿ ಇರಲಿ. ನುವಾರಾ ಎಲಿಯದಿಂದ ಸುಮಾರು ಐದು ಕಿಲೋಮೀಟರ್ ದೂರದ ಸೀತಾ ಎಲಿಯದಲ್ಲಿ, ರಸ್ತೆಯ ಪಕ್ಕದಲ್ಲೇ ತೊರೆಯ ದಡದಲ್ಲಿ, ಸೀತಾ ಅಮ್ಮನ ಗುಡಿ ಇದೆ. ಅಶೋಕವನ ಇದೇ ಎಂಬುದು ನಂಬಿಕೆ, ತೊರೆಯ ಬಂಡೆಯ ಮೇಲಿನ ಕುಳಿಗಳನ್ನು ಹನುಮಂತನ ಹೆಜ್ಜೆಗುರುತೆಂದು ತೋರಿಸುತ್ತಾರೆ. ಹಿಂದೆ ದಟ್ಟ ಕಾಡಿನ ಇಳಿಜಾರು, ತಂಪಾದ ಗಾಳಿ, ನಡೆಯುವ ಕಷ್ಟವಿಲ್ಲ.

ಮಧ್ಯಾಹ್ನಕ್ಕೆ, ನುವಾರಾ ಎಲಿಯದ ಹತ್ತಿರದ ‘ನಾನು ಓಯ’ ಎಂಬ ನಿಲ್ದಾಣದಿಂದ ‘ಎಲ್ಲ’ ಪಟ್ಟಣಕ್ಕೆ ರೈಲು. ಸುಮಾರು ಮೂರು ಗಂಟೆಯ ಈ ಪ್ರಯಾಣವನ್ನು ಯಾವ ಕಾರಣಕ್ಕೂ ಬಿಡಬೇಡಿ, ಏಕೆಂದರೆ ನಿಮ್ಮಲ್ಲಿ ನಾಲ್ವರೂ ಸಮಾನವಾಗಿ, ಕುಳಿತಲ್ಲಿಂದಲೇ ನೋಡಬಹುದಾದ ದೊಡ್ಡ ದೃಶ್ಯ ಇದೊಂದೇ. ಕ್ಯಾಂಡಿಯಿಂದಲೇ ಹತ್ತಿದರೆ ಆರೇಳು ಗಂಟೆಯಾಗುತ್ತದೆ, ತಾಯಿಯವರಿಗೆ ದಣಿವು. ಅತ್ಯುತ್ತಮ ಭಾಗ ನಾನು ಓಯದ ನಂತರವೇ ಇದೆ. 1,891 ಮೀಟರ್ ಎತ್ತರದ ಪಟ್ಟಿಪೊಲ ದೇಶದ ಅತಿ ಎತ್ತರದ ನಿಲ್ದಾಣ. ಅದನ್ನು ದಾಟಿದ ಮೇಲೆ ಒಂದು ಸುರಂಗ ಬರುತ್ತದೆ. ನಾನು ಮೊದಲು ಹೇಳಿದ ಎರಡು ಮಳೆಗಾಲಗಳ ಗಡಿ ಹೆಚ್ಚುಕಡಿಮೆ ಅದೇ. ಈ ಕಡೆ ಮಂಜು ಹನಿಯುತ್ತಿದ್ದರೂ ಆ ಕಡೆ ಬಿಸಿಲಿರುವುದು ಸಾಮಾನ್ಯ. ಇದಲ್ಗಶಿನ್ನ ನಿಲ್ದಾಣದ ಹತ್ತಿರ ರೈಲು ಕಿರಿದಾದ ಏಣಿನ ಮೇಲೆ ಸಾಗುತ್ತದೆ, ಎರಡೂ ಕಿಟಕಿಗಳ ಆಚೆ ನೆಲ ಕೆಳಗೆ ಜಾರಿಹೋಗಿರುತ್ತದೆ. ಮುಂಗಡ ಕಾಯ್ದಿರಿಸುವ ಎರಡನೇ ದರ್ಜೆಯನ್ನೇ ಆರಿಸಿಕೊಳ್ಳಿ; ಹವಾನಿಯಂತ್ರಿತ ಮೊದಲ ದರ್ಜೆಯ ಕಿಟಕಿಗಳು ತೆರೆಯುವುದಿಲ್ಲ, ಗಾಜಿನ ಮೂಲಕ ನೋಡಬೇಕಾಗುತ್ತದೆ. ಟಿಕೆಟುಗಳು ಮಾರಾಟ ಶುರುವಾದ ಕೂಡಲೇ ಖಾಲಿಯಾಗುತ್ತವೆ, ಆದ್ದರಿಂದ ಪ್ರವಾಸ ಸಂಸ್ಥೆಯವರಿಂದ ಟಿಕೆಟ್ ಸಿಕ್ಕಿದ ಖಾತ್ರಿ ಪಡೆದ ಮೇಲೆ ಉಳಿದ ಹಣ ಕೊಡಿ. ವಾಹನ ನಿಮ್ಮ ಸಾಮಾನು ತೆಗೆದುಕೊಂಡು ರಸ್ತೆಯಲ್ಲಿ ಎಲ್ಲಕ್ಕೆ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2025ರ ನವೆಂಬರ್ ಕೊನೆಯಲ್ಲಿ ಬೀಸಿದ ದಿತ್ವಾ ಚಂಡಮಾರುತದಿಂದ ಈ ಬೆಟ್ಟದ ನಾಡಿನಲ್ಲಿ ಭೂಕುಸಿತಗಳಾಗಿ ಅಪಾರ ಪ್ರಾಣಹಾನಿಯಾಯಿತು, ರಸ್ತೆಗೂ ರೈಲು ಹಳಿಗೂ ದೊಡ್ಡ ಪೆಟ್ಟು ಬಿತ್ತು. ನೀವು ಹೋಗುವ ದಿನಗಳಲ್ಲಿ ನಾನು ಓಯದಿಂದ ಎಲ್ಲದವರೆಗೆ ರೈಲು ಓಡುತ್ತಿದೆಯೇ ಎಂಬುದನ್ನು ಶ್ರೀಲಂಕಾ ರೈಲ್ವೆಯ ಅಧಿಕೃತ ಮಾಹಿತಿಯಿಂದ ಖಚಿತಪಡಿಸಿಕೊಂಡ ಮೇಲೆಯೇ ಈ ಭಾಗದ ಕೋಣೆಗಳನ್ನು ಕಾಯ್ದಿರಿಸಿ. ರೈಲು ಇಲ್ಲವಾದರೆ ವೆಲಿಮಡದ ಮೇಲಿನ ರಸ್ತೆಯಲ್ಲಿ ಹೋಗಬಹುದು, ಅದು ಎರಡು ಗಂಟೆಯ ಸುಂದರವಾದ ದಾರಿಯೇ; ಆದರೆ ಉಳಿದ ಸಮಯವನ್ನು ಇನ್ನೊಂದು ಸ್ಥಳ ತುರುಕಲು ಬಳಸಬೇಡಿ.

ಎಲ್ಲದಲ್ಲಿ ಎರಡು ರಾತ್ರಿ ಇಡಲು ಕಾರಣ ಬೆಳಗಿನ ಮೋಡ. ಇಲ್ಲಿ ಹಣವನ್ನು ಕೋಣೆಗೆ ಹಾಕಿ. ಬೇರೆಡೆ ಸಾಧಾರಣ ಕೋಣೆ ಸಾಕು, ಎಲ್ಲದಲ್ಲಿ ಮಾತ್ರ ಕಣಿವೆಯ ಬಾಯಿಗೆ, ಅಂದರೆ ಎರಡು ಬೆಟ್ಟಗಳ ನಡುವಿನ ಕಂಡಿಗೆ ಮುಖ ಮಾಡಿರುವ, ಜಗುಲಿಯಿರುವ ಕೋಣೆಯನ್ನೇ ಕೇಳಿ. ಗದ್ದಲದ ಮುಖ್ಯ ಬೀದಿಯಲ್ಲಿ ಬೇಡ. ಹೆಚ್ಚು ನಡೆಯಲಾರದವರಿಗೆ ಕೋಣೆಯ ಜಗುಲಿಯೇ ವೀಕ್ಷಣಾ ಸ್ಥಳ. ಆ ಕಂಡಿಯ ಆಚೆ ದಕ್ಷಿಣದ ಬಯಲು ದೂರದವರೆಗೆ ಕಾಣುತ್ತದೆ. ನೀವೂ ಮಗಳೂ ಬೆಳಿಗ್ಗೆ ಲಿಟ್ಲ್ ಆಡಮ್ಸ್ ಪೀಕ್ ಹತ್ತಿ ಬರಬಹುದು, ಮುಕ್ಕಾಲು ಗಂಟೆಯ ಸುಲಭ ನಡಿಗೆ. 1921ರಲ್ಲಿ ಪೂರ್ಣಗೊಂಡ ಒಂಬತ್ತು ಕಮಾನಿನ ಸೇತುವೆಯನ್ನು ಮೇಲಿನ ದಾರಿಯಿಂದ ನೋಡಿದರೆ ಸಾಕು. ರೈಲು ಬರುವ ತನಕ ಹಳಿಯ ಮೇಲೆ ಕಾಯುವ ಜನಜಂಗುಳಿಯಲ್ಲಿ ಸೇರಬೇಡಿ.

ಎಲ್ಲರೂ ಕೂಡಿ ಹೋಗಬೇಕಾದದ್ದು ಲಿಪ್ಟನ್ಸ್ ಸೀಟ್ ಎಂಬ ಬೆಟ್ಟದ ತುದಿಗೆ. ಹಾರ್ಟನ್ ಬಯಲಿನ ವರ್ಲ್ಡ್ಸ್ ಎಂಡ್ ಹೆಚ್ಚು ಪ್ರಸಿದ್ಧ, ಅಲ್ಲಿನ ಪ್ರಪಾತ ಸುಮಾರು 870 ಮೀಟರ್ ಆಳವೂ ಹೌದು. ಆದರೆ ಅದಕ್ಕೆ ಒಂಬತ್ತು ಕಿಲೋಮೀಟರ್ ಸುತ್ತಿನ ನಡಿಗೆ ಬೇಕು. ಹಪುತಲೆಯ ಬಳಿಯ ದಂಬತೆನ್ನ ತೋಟದ ಮೇಲಿರುವ ಲಿಪ್ಟನ್ಸ್ ಸೀಟ್‌ಗೆ ಆಟೊ ಬಹುತೇಕ ತುದಿಯವರೆಗೂ ಹೋಗುತ್ತದೆ. ಚಹಾ ವ್ಯಾಪಾರಿ ಥಾಮಸ್ ಲಿಪ್ಟನ್ ತನ್ನ ತೋಟಗಳನ್ನು ಅಲ್ಲಿಂದ ನೋಡುತ್ತಿದ್ದನಂತೆ. ಸುತ್ತಲೂ ಚಹಾದ ಇಳಿಜಾರು, ಕೆಳಗೆ ಕೆರೆಗಳು ಮಿನುಗುವ ಬಯಲು. ಎಲ್ಲದಿಂದ ಸುಮಾರು ಒಂದೂವರೆ ಗಂಟೆ. ನಸುಕಿನಲ್ಲಿ ಹೊರಟು ಏಳರೊಳಗೆ ಮೇಲಿರಬೇಕು, ಒಂಬತ್ತರ ಹೊತ್ತಿಗೆ ಮಂಜು ಏರತೊಡಗುತ್ತದೆ. ಇಳಿಯುವಾಗ 1890ರ ಚಹಾ ಕಾರ್ಖಾನೆಯನ್ನು ನೋಡಬಹುದು. ಮೊದಲ ಬೆಳಗು ಮೋಡವಿದ್ದರೆ, ಅದನ್ನು ಜಗುಲಿಗೂ ಸೇತುವೆಗೂ ಕೊಟ್ಟು, ಎರಡನೆಯದನ್ನು ಇದಕ್ಕೆ ಇಟ್ಟುಕೊಳ್ಳಿ. ಆಗ ಗಾಲ್ ತಲುಪುವುದು ತಡವಾಗುತ್ತದೆ, ಆ ನಷ್ಟವನ್ನು ಒಪ್ಪಿಕೊಳ್ಳಿ.

ಆರನೆಯ ದಿನ ಎಲ್ಲದಿಂದ ಬಯಲಿಗೆ ಇಳಿಯುವಾಗ ದಾರಿಯಲ್ಲೇ ಸಿಗುವ ರಾವಣ ಜಲಪಾತಕ್ಕೆ ಹತ್ತು ನಿಮಿಷ ಸಾಕು. ಜೋಗ ಕಂಡ ಕಣ್ಣಿಗೆ ಅದು ಚಿಕ್ಕದು. ವೆಲ್ಲವಾಯದ ಬಳಿಯ ಬುದುರುವಗಲವನ್ನು ಮಾತ್ರ ನಾನಾಗಿ ಸೇರಿಸುತ್ತಿದ್ದೇನೆ. ಮರಗಳ ನಡುವಿನ ಸಮತಟ್ಟಾದ ದಾರಿಯ ಕೊನೆಯಲ್ಲಿ, ಒಂದು ಬಂಡೆಯ ಮುಖದ ಮೇಲೆ ಏಳು ಮೂರ್ತಿಗಳು. ನಡುವಿನ ಬುದ್ಧ ಸುಮಾರು 51 ಅಡಿ ಎತ್ತರ. ಇವು ಸುಮಾರು ಹತ್ತನೇ ಶತಮಾನದವು ಎನ್ನುತ್ತಾರೆ, ಅಂದರೆ ನಮ್ಮ 58 ಅಡಿಯ ಗೊಮ್ಮಟನ ಕಾಲದವೇ. ಗೊಮ್ಮಟ ಬಂಡೆಯಿಂದ ಪೂರ್ತಿ ಹೊರಬಂದು ನಿಂತಿದ್ದಾನೆ, ಇಲ್ಲಿನ ಬುದ್ಧ ಇನ್ನೂ ಬಂಡೆಗೆ ಬೆನ್ನು ಅಂಟಿಸಿಕೊಂಡೇ ಇದ್ದಾನೆ. ಪ್ರವಾಸಿಗಳು ಕಡಿಮೆ, ತಾಯಿಯವರು ಎಷ್ಟು ಹೊತ್ತು ಬೇಕಾದರೂ ಕುಳಿತಿರಬಹುದು.

ಅಲ್ಲಿಂದ ಮುಂದೆ ದಕ್ಷಿಣದ ಎಕ್ಸ್‌ಪ್ರೆಸ್ ಹೆದ್ದಾರಿ ಹಿಡಿದರೆ ಸಂಜೆಯೊಳಗೆ ಗಾಲ್. ಕಡಲತೀರದ ರೆಸಾರ್ಟ್ ಬೇಡ, ಗೋಕರ್ಣ ಮುರ್ಡೇಶ್ವರಗಳು ನಿಮಗಿವೆ. ಕೋಟೆಯ ಗೋಡೆಯೊಳಗಿನ ಹಳೆಯ ಮನೆಯೊಂದರಲ್ಲಿ ಉಳಿಯಿರಿ. ಪೋರ್ಚುಗೀಸರು ಶುರು ಮಾಡಿ, 1640ರಲ್ಲಿ ಅವರಿಂದ ಗೆದ್ದುಕೊಂಡ ಡಚ್ಚರು ದೊಡ್ಡದಾಗಿ ಕಟ್ಟಿದ ಈ ಕೋಟೆಯೊಳಗೆ ಇಂದಿಗೂ ಜನ ವಾಸಿಸುತ್ತಾರೆ, ಶಾಲೆಗಳು ನಡೆಯುತ್ತವೆ. 2004ರ ಸುನಾಮಿಯಲ್ಲಿ ಹೊರಗಿನ ಪಟ್ಟಣ ಕೊಚ್ಚಿಹೋದಾಗ ಗೋಡೆಯೊಳಗಿನ ಮನೆಗಳು ಬಹುಮಟ್ಟಿಗೆ ಉಳಿದವು. ಐದು ಗಂಟೆಗೆ ಗೋಡೆಯ ಮೇಲಿನ ಅಗಲವಾದ ಹುಲ್ಲು ದಾರಿಗೆ ಬನ್ನಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಕೆಂಪು ಹೆಂಚಿನ ಮಾಡುಗಳು, ಎಲ್ಲಿ ಬೇಕಾದರೂ ಕುಳಿತುಕೊಳ್ಳಬಹುದು. ಮರುದಿನ ಬೆಳಿಗ್ಗೆ ದೀಪಸ್ತಂಭದ ಸುತ್ತಲಿನ ಬೀದಿಗಳನ್ನು ಅಂಗಡಿಗಳು ತೆರೆಯುವ ಮೊದಲೇ ನೋಡಿ. ಗಾಲ್‌ನಿಂದ ವಿಮಾನ ನಿಲ್ದಾಣಕ್ಕೆ ಹೆದ್ದಾರಿಯಲ್ಲಿ ಎರಡೂವರೆಯಿಂದ ಮೂರು ಗಂಟೆ. ಸಂಜೆಯ ವಿಮಾನವಾದರೆ ಮಧ್ಯಾಹ್ನದ ಊಟ ಕೋಟೆಯೊಳಗೇ ಮುಗಿಸಿ ಹೊರಟರೆ ಸಾಕು.